ಮುಸ್ಸಂಜೆಯ ಬಂದರಿನಲ್ಲಿ ಮುಖಗಳೇಕೆ ಇಲ್ಲ?

ಪ್ರಶ್ನೆ: ನಾನು ಮಲ್ಪೆ ಬಂದರಿನ ಹತ್ತಿರ ಬೆಳೆದವನು. ಬಿಡುವಿದ್ದಾಗ ಚಿತ್ರ ಬರೆಯುತ್ತೇನೆ. ಫ್ರೆಂಚ್ ಕಲಾವಿದ ಪಾಲ್ ಸಿನ್ಯಾಕ್ ಬರೆದ ‘ಸೂರ್ಯಾಸ್ತ, ಸಾರ್ಡೀನ್ ಮೀನುಗಾರಿಕೆ’ ಎಂಬ ಚಿತ್ರದ ಮುದ್ರಿತ ಪ್ರತಿ ಈಚೆಗೆ ಕೈಗೆ ಸಿಕ್ಕಿತು. ಬಣ್ಣ ಮನಸ್ಸಿಗೆ ಹಿಡಿಸಿತು. ಆದರೆ ದೋಣಿಗಳೆಲ್ಲ ಒಂದೇ ಅಚ್ಚಿನಲ್ಲಿ ಒತ್ತಿದಂತಿವೆ, ಒಬ್ಬ ಮೀನುಗಾರನ ಮುಖವೂ ಕಾಣುವುದಿಲ್ಲ. ಬಂದರನ್ನು ಬಲ್ಲವನು ಹೀಗೆ ಬರೆಯುತ್ತಾನೆಯೇ? ಬಣ್ಣವನ್ನು ಚಿಕ್ಕ ಚುಕ್ಕಿಗಳಾಗಿ ಇಡುವ ಅವನ ಚುಕ್ಕಿ ಪದ್ಧತಿಯಲ್ಲಿ ನಮ್ಮ ದಕ್ಕೆಯ ಸಂಜೆಯನ್ನು ಅಕ್ರಿಲಿಕ್ ಬಣ್ಣದಲ್ಲಿ ಬರೆಯಲು ಹೊರಟರೆ ಚಿತ್ರವೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ತಪ್ಪು ಎಲ್ಲಿದೆ?

ಉತ್ತರ: ಬಂದರನ್ನು ಬಲ್ಲವನೇ ಈ ಚಿತ್ರವನ್ನು ಬರೆದಿದ್ದಾನೆ. ಸಿನ್ಯಾಕ್ (1863–1935) ದಡದಲ್ಲಿ ನಿಂತು ಸಮುದ್ರವನ್ನು ನೋಡಿದವನಲ್ಲ. ಯೌವನದಿಂದಲೇ ಹಾಯಿದೋಣಿ ನಡೆಸಿದವನು, ಜೀವಮಾನದಲ್ಲಿ ಮೂವತ್ತಕ್ಕೂ ಹೆಚ್ಚು ದೋಣಿಗಳನ್ನು ಇಟ್ಟುಕೊಂಡಿದ್ದವನು. ಗಾಳಿ ಬಿದ್ದಾಗ ನೀರಿನ ಮೈ ಹೇಗೆ ಬದಲಾಗುತ್ತದೆ, ಹಾಯಿ ಇಳಿಸಿದ ದೋಣಿ ಹೇಗೆ ತೂಗುತ್ತದೆ ಎಂಬುದು ಅವನಿಗೆ ಕೈಗೆ ಗೊತ್ತಿತ್ತು. ಮುಖಗಳನ್ನು ಬಿಟ್ಟಿದ್ದು ಅಜ್ಞಾನದಿಂದಲ್ಲ, ಆಯ್ಕೆಯಿಂದ. ಆ ಆಯ್ಕೆಯಿಂದ ಚಿತ್ರ ಒಂದನ್ನು ಗಳಿಸಿತು, ಇನ್ನೊಂದನ್ನು ಕಳೆದುಕೊಂಡಿತು. ಎರಡನ್ನೂ ಹೇಳುತ್ತೇನೆ. ನಿಮ್ಮ ಬೂದಿ ಬಣ್ಣದ ತೊಂದರೆಗೂ ಅದಕ್ಕೂ ನಂಟಿದೆ.

ಚಿತ್ರದ ಊರು ಕಾಂಕಾರ್ನೋ. ಫ್ರಾನ್ಸ್‌ನ ವಾಯವ್ಯ ಮೂಲೆಯ ಬ್ರಿಟನಿ ಕರಾವಳಿಯಲ್ಲಿದೆ. ಬಂದರಿನ ನಡುವೆಯೇ ಕೋಟೆಗೋಡೆ ಸುತ್ತಿದ ಒಂದು ನಡುಗಡ್ಡೆ, ಸುತ್ತ ಮೀನು ದೋಣಿಗಳು, ದಡದಲ್ಲಿ ಸಾರ್ಡೀನನ್ನು ಡಬ್ಬಕ್ಕೆ ತುಂಬುವ ಕಾರ್ಖಾನೆಗಳು. ಸಾರ್ಡೀನ್ ಎಂದರೆ ನಿಮ್ಮ ಬೂತಾಯಿಯ ದಾಯಾದಿ. ಜಾತಿ ಬೇರೆ, ಸ್ವಭಾವ ಅದೇ: ಹಿಂಡು ಹಿಂಡಾಗಿ ಬರುತ್ತದೆ, ಒಂದು ವರ್ಷ ಕಡಲು ತುಂಬುವಷ್ಟು, ಇನ್ನೊಂದು ವರ್ಷ ಬಲೆಯೇ ಖಾಲಿ. 1902ರಿಂದ ಕೆಲವು ವರ್ಷ ಮೀನು ಕೈಕೊಟ್ಟಾಗ ಇಡೀ ಕಾಂಕಾರ್ನೋ ಹಸಿವಿಗೆ ಬಿತ್ತು. ಮೀನುಗಾರ ಕುಟುಂಬಗಳಿಗೆ ಹಣ ಕೂಡಿಸಲೆಂದು 1905ರಲ್ಲಿ ಆರಂಭವಾದ ‘ನೀಲಿ ಬಲೆಗಳ ಹಬ್ಬ’ ಇಂದಿಗೂ ನಡೆಯುತ್ತದೆ. ಅಲ್ಲಿನ ಸಾರ್ಡೀನ್ ಬಲೆಗೆ ನೀಲಿ ಬಣ್ಣ ಹಾಕುತ್ತಿದ್ದರು, ನೀರಿನಲ್ಲಿ ಮೀನಿಗೆ ಕಾಣಬಾರದೆಂದು. ಹಾಯಿಗಳಿಗೆ ಮಾತ್ರ ಕೆಂಗಂದು ಬಣ್ಣ. ಉಪ್ಪುನೀರಿಗೆ ಬಟ್ಟೆ ಕೊಳೆಯದಿರಲೆಂದು ಓಕ್ ಮರದ ತೊಗಟೆಯ ರಸದಲ್ಲೋ ಏಷ್ಯಾದಿಂದ ಹಡಗಿನಲ್ಲಿ ಬರುತ್ತಿದ್ದ ಕಾಚಿನಲ್ಲೋ ಅದ್ದಿ ಒಣಗಿಸುತ್ತಿದ್ದರು. ನಾವು ವೀಳ್ಯಕ್ಕೆ ಹಾಕುವ ಕಾಚು ಅದೇ. ನೈಲಾನ್ ಬರುವ ಮೊದಲು ನಮ್ಮ ಕರಾವಳಿಯಲ್ಲೂ ನೂಲಿನ ಬಲೆಗಳಿಗೆ ತೊಗಟೆಯ ಒಗರು ರಸದ ಸ್ನಾನವಾಗುತ್ತಿತ್ತು ಎಂಬುದನ್ನು ನಿಮ್ಮ ಮನೆಯ ಹಿರಿಯರು ಹೇಳಿಯಾರು.

ಆ ಕಾಲದ ಸಾರ್ಡೀನ್ ಹಿಡಿಯುವ ಕ್ರಮ ತಿಳಿದರೆ ಚಿತ್ರ ಅರ್ಧ ತೆರೆದುಕೊಳ್ಳುತ್ತದೆ. ಎರಡು ಕೂವೆಕಂಬದ ದೊಡ್ಡ ದೋಣಿಯಲ್ಲಿ ನಾಲ್ಕೈದು ಜನ. ಮೀನಿರುವ ಕಡೆ ತಲುಪಿದ ಮೇಲೆ ಹಾಯಿ ಇಳಿಸಿ, ಬಲೆಯನ್ನು ಹಿಂಬದಿಯಿಂದ ಪರದೆಯಂತೆ ನೀರಿಗೆ ಇಳಿಬಿಡುತ್ತಾರೆ. ಹುಟ್ಟು ಹಿಡಿದವರು ದೋಣಿಯ ಮೂತಿ ಗಾಳಿಗೆ ಎದುರಾಗಿಯೇ ಇರುವಂತೆ, ಮುಂದೆಯೂ ಹೋಗದಂತೆ ಹಿಂದೆಯೂ ಸರಿಯದಂತೆ ಮೆಲ್ಲನೆ ಹುಟ್ಟು ಹಾಕುತ್ತಲೇ ಇರಬೇಕು. ದೋಣಿಯ ಯಜಮಾನ ಕಾಡ್ ಮೀನಿನ ಉಪ್ಪು ಹಾಕಿದ ಮೊಟ್ಟೆಯನ್ನು ಹಿಡಿ ಹಿಡಿಯಾಗಿ ಬಲೆಯ ಆಚೀಚೆ ಎರಚುತ್ತಾನೆ. ಅದು ನಾರ್ವೆಯಿಂದ ಬರುತ್ತಿದ್ದ ದುಬಾರಿ ಮೇವು, ಕೈ ಬಿಗಿಹಿಡಿದೇ ಎರಚಬೇಕು. ಮೀನು ಮೇಲೇಳುವುದು ಹೆಚ್ಚಾಗಿ ಬೆಳಗಿನ ಮಬ್ಬಿನಲ್ಲಿ, ಇಲ್ಲವೇ ಸಂಜೆಯ ಮಬ್ಬಿನಲ್ಲಿ. ಹಾಗಾಗಿ ಆ ಹೊತ್ತಿನಲ್ಲಿ ಹತ್ತಾರು ದೋಣಿಗಳು ಒಂದೇ ನೀರಿನಲ್ಲಿ, ಒಂದೇ ಗಾಳಿಗೆ ಎದುರಾಗಿ, ಒಂದೇ ದಿಕ್ಕಿಗೆ ಮೂತಿ ಮಾಡಿ, ಒಂದರ ಬಲೆ ಇನ್ನೊಂದಕ್ಕೆ ತೊಡರದಷ್ಟು ಅಂತರ ಬಿಟ್ಟು ನಿಂತಿರುತ್ತಿದ್ದವು. ನೀವು ‘ಒಂದೇ ಅಚ್ಚಿನಲ್ಲಿ ಒತ್ತಿದಂತೆ’ ಎಂದದ್ದು ಕಲಾವಿದ ಹೂಡಿದ ಅಲಂಕಾರವಷ್ಟೇ ಅಲ್ಲ. ಕೆಲಸವೇ ಆ ದೋಣಿಗಳನ್ನು ಹಾಗೆ ನಿಲ್ಲಿಸಿತ್ತು.

ಸಿನ್ಯಾಕ್ ಕಾಂಕಾರ್ನೋಗೆ ಹೋದದ್ದು 1891ರ ಬೇಸಿಗೆಯಲ್ಲಿ. ಆ ವರ್ಷದ ಮಾರ್ಚ್ 29ರಂದು ಅವನ ಆಪ್ತ ಗೆಳೆಯ, ಚುಕ್ಕಿ ಪದ್ಧತಿಯನ್ನು ಕಟ್ಟಿದ ಜಾರ್ಜ್ ಸ್ಯೂರಾ ಮೂವತ್ತೊಂದರ ವಯಸ್ಸಿನಲ್ಲಿ ತೀರಿಕೊಂಡಿದ್ದ. ಹಿಂದಿನ ಬೇಸಿಗೆಯಲ್ಲಷ್ಟೇ ಸ್ಯೂರಾ ಉತ್ತರ ಫ್ರಾನ್ಸ್‌ನ ಗ್ರಾವ್‌ಲೀನ್ ಬಂದರಿನ ಕಾಲುವೆಯ ಸಂಜೆಯನ್ನು ಚಿತ್ರಿಸಿದ್ದ. ಅದೇ ಅವನ ಕೊನೆಯ ಕಡಲ ಚಿತ್ರಗಳ ಸರಣಿ. ಆ ಆಗಸ್ಟಿನಲ್ಲಿ ಬರೆದ ಒಂದು ಪತ್ರದಲ್ಲಿ ಅವನು ತನ್ನ ಕಲೆಯ ಸೂತ್ರಗಳನ್ನು ಚುಟುಕಾಗಿ ಇಟ್ಟಿದ್ದಾನೆ: ತಿಳಿಯೂ ಗಾಢವೂ ಸಮನಾದಾಗ, ಬಿಸಿ ಬಣ್ಣವೂ ತಂಪು ಬಣ್ಣವೂ ಸಮನಾದಾಗ, ಗೆರೆಗಳು ಅಡ್ಡಲಾಗಿ ಮಲಗಿದಾಗ ಚಿತ್ರದಲ್ಲಿ ಶಾಂತಿ ನೆಲೆಸುತ್ತದೆ ಎಂಬುದು ಅವುಗಳಲ್ಲೊಂದು. ಈ ಮೂರೂ ತಾವಾಗಿಯೇ ಕೂಡಿಬರುವ ಹೊತ್ತು ದಿನದಲ್ಲಿ ಒಂದಿದ್ದರೆ ಅದು ಸಮುದ್ರದ ಮೇಲಿನ ಮುಸ್ಸಂಜೆ. ಕೆಳಗೆ ಕಿತ್ತಳೆ, ಮೇಲೆ ನೀಲಿ, ನಡುವೆ ದಿಗಂತದ ಅಡ್ಡಗೆರೆ. ಸಿನ್ಯಾಕ್ ಆ ಬೇಸಿಗೆಯಲ್ಲಿ ಸಂಜೆಗೆ ಮತ್ತೆ ಮತ್ತೆ ಮರಳಿದ್ದನ್ನು ನಾನು ಗೆಳೆಯನಿಗೆ ಸಲ್ಲಿಸಿದ ಗೌರವವೆಂದೇ ಓದುತ್ತೇನೆ. ಇದು ನನ್ನ ಓದು, ದಾಖಲೆಯ ಮಾತಲ್ಲ.

ಅಲ್ಲಿ ಹುಟ್ಟಿದ ಐದು ಚಿತ್ರಗಳಿಗೆ ಸೇರಿಸಿ ಅವನು ಇಟ್ಟ ಹೆಸರು ‘ಸಮುದ್ರ: ದೋಣಿಗಳು’. ಪ್ರತಿಯೊಂದಕ್ಕೂ ಸಂಗೀತದ ಕೃತಿಗಳಿಗೆ ಕೊಡುವಂತೆ ಓಪಸ್ ಸಂಖ್ಯೆಯಿದೆ, 218ರಿಂದ 222ರವರೆಗೆ. (ಓಪಸ್ 217 ಅವನ ವಿಮರ್ಶಕ ಗೆಳೆಯ ಫೆಲಿಕ್ಸ್ ಫೆನೆಯೋನನ ಭಾವಚಿತ್ರ. ತಿರುಗುವ ಬಣ್ಣದ ಸುಳಿಯ ಮುಂದೆ ಹೂ ಹಿಡಿದು ನಿಂತ ಆ ಮನುಷ್ಯನನ್ನು ನೀವೂ ನೋಡಿರಬಹುದು.) ಸಂಖ್ಯೆಯ ಜೊತೆಗೆ ಗತಿಯ ಹೆಸರೂ ಇದೆ. ಮುಂಜಾನೆಯ ನಿಶ್ಚಲ ಕಡಲು ಲಾರ್ಗೆಟ್ಟೊ, ಅಂದರೆ ನಿಧಾನದ ನಡೆ. ಸಂಜೆಯ ನಿಶ್ಚಲ ಕಡಲು ಅಲೆಗ್ರೊ ಮಾಯೆಸ್ಟೋಸೊ, ಅಂದರೆ ರಾಜಗಾಂಭೀರ್ಯದ ನಡೆ. ನಿಮ್ಮ ಕೈಯಲ್ಲಿರುವ ‘ಸೂರ್ಯಾಸ್ತ, ಸಾರ್ಡೀನ್ ಮೀನುಗಾರಿಕೆ’ ಓಪಸ್ 221, ಅಡಾಜಿಯೊ, ಅದೂ ನಿಧಾನದ ನಡೆಯೇ. ಕೊನೆಯದು ಬೀಸುಗಾಳಿ, ಅದಕ್ಕೆ ಪ್ರೆಸ್ಟೊ, ಅಂದರೆ ಅತಿ ವೇಗದ ನಡೆ. ನಮ್ಮ ಗಾಯಕರು ವಿಳಂಬದಿಂದ ಹಿಡಿದು ದ್ರುತಕ್ಕೆ ಏರುವಂತೆ ಇಲ್ಲಿಯೂ ಒಂದೇ ವಸ್ತು ಕಾಲವನ್ನು ಬದಲಿಸುತ್ತ ಹೋಗುತ್ತದೆ.

ಈ ಹೆಸರುಗಳನ್ನು ಆ ಕಾಲದ ಖಯಾಲಿ ಎಂದು ತಳ್ಳಿಹಾಕುವವರಿದ್ದಾರೆ. ಕಲಾವಿದ ವಿಸ್ಲರ್ ಅವನಿಗಿಂತ ಮೊದಲೇ ತನ್ನ ನದಿಯ ರಾತ್ರಿಗಳ ಚಿತ್ರಗಳನ್ನು ‘ನಾಕ್ಟರ್ನ್’ (ರಾತ್ರಿಯ ಸಂಗೀತ) ಎಂದು ಕರೆದಿದ್ದ, ಜರ್ಮನ್ ಸಂಗೀತಗಾರ ವಾಗ್ನರನ ಸಂಗೀತದ ಹುಚ್ಚು ಪ್ಯಾರಿಸಿನಲ್ಲಿ ತುಂಬಿ ಹರಿಯುತ್ತಿತ್ತು, ಎಲ್ಲವೂ ನಿಜ. ಆದರೆ ಗತಿಗಳನ್ನು ಕೆಲಸದ ಪಕ್ಕಕ್ಕಿಟ್ಟು ನೋಡಿ. ಬಲೆ ಇಳಿಬಿಟ್ಟು ಹುಟ್ಟಿನ ಮೇಲೆ ಕಾಯುವ ಹೊತ್ತಿಗೆ ಅಡಾಜಿಯೊ. ಗಾಳಿ ಎದ್ದು ದೋಣಿಗಳು ಓಡುವ ಹೊತ್ತಿಗೆ ಪ್ರೆಸ್ಟೊ. ಬೇರೆ ಕಲಾವಿದರು ಮೀನುಗಾರನ ಶ್ರಮವನ್ನು ಅವನ ತೋಳಿನಲ್ಲಿ, ಸುಕ್ಕುಗಟ್ಟಿದ ಹಣೆಯಲ್ಲಿ ಹುಡುಕಿದರು. ಸಿನ್ಯಾಕ್ ಅದನ್ನು ಅವನ ಸಮಯದಲ್ಲಿ ಹುಡುಕಿದ. ದೋಣಿ ದೋಣಿಯ ನಡುವಿನ ಅಂತರವೇ ಆ ಚಿತ್ರದ ನಿಜವಾದ ವಸ್ತು. ದೋಣಿಗಳ ಮೇಲೆ ಒಮ್ಮೆ ಎಡದಿಂದ ಬಲಕ್ಕೆ ಕಣ್ಣಾಡಿಸಿ: ಎಲ್ಲಿ ಹತ್ತಿರವಾಗುತ್ತವೆ, ಎಲ್ಲಿ ಬಿಡುವು ಬರುತ್ತದೆ, ಕೂವೆಕಂಬದ ನೇರಗೆರೆ ಎಷ್ಟು ಹೊತ್ತಿಗೊಮ್ಮೆ ಬೀಳುತ್ತದೆ. 1890ರ ವಸಂತದಲ್ಲಿ ಪ್ಯಾರಿಸ್ಸಿನ ಕಲಾಶಾಲೆಯೊಂದರಲ್ಲಿ ಜಪಾನಿನ ಮರದಚ್ಚಿನ ಚಿತ್ರಗಳ ದೊಡ್ಡ ಪ್ರದರ್ಶನ ನಡೆದಿತ್ತು. ಒಂದೇ ಆಕಾರವನ್ನು ಮರುಕಳಿಸಿ ನೀರಿನ ವಿಸ್ತಾರವನ್ನು ಅಳೆಯುವ ಜಾಣ್ಮೆ ಹಿರೋಶಿಗೆಯಂಥವರಿಂದ ಆ ಪೀಳಿಗೆಗೆ ಬಂತು.

ಇನ್ನು ಮುಖಗಳ ಮಾತು. ಇದೇ ಬಂದರಿನಲ್ಲಿ, ಹೆಚ್ಚು ಕಡಿಮೆ ಇದೇ ಕಾಲದಲ್ಲಿ ಕೆಲಸ ಮಾಡಿದ ಇನ್ನಿಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿದರೆ ಸಿನ್ಯಾಕ್ ಏನನ್ನು ಬಿಟ್ಟ ಎಂಬುದು ಸ್ಪಷ್ಟವಾಗುತ್ತದೆ. ಡೆನ್ಮಾರ್ಕಿನ ಕಲಾವಿದ ಪಿ. ಎಸ್. ಕ್ರೋಯರ್ 1879ರಲ್ಲಿ ಕಾಂಕಾರ್ನೋಗೆ ಬಂದು ಡಬ್ಬದ ಕಾರ್ಖಾನೆಯ ಒಳಗನ್ನು ಬರೆದ. ಅರೆಗತ್ತಲ ಕೋಣೆ, ಸಾಲಾಗಿ ಕುಳಿತು ಮೀನು ಸ್ವಚ್ಛ ಮಾಡುವ ಹೆಂಗಸರು. ದೋಣಿ ತಂದದ್ದೆಲ್ಲ ಕೊನೆಗೆ ಸೇರುವುದು ಈ ಕೈಗಳಿಗೆ. ಮಲ್ಪೆಯಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ದಕ್ಕೆಯಲ್ಲಿ ಬುಟ್ಟಿ ಹಿಡಿದು ನಿಂತ ಹೆಂಗಸರಿಲ್ಲದ ಬಂದರು ಬಂದರೇ ಅಲ್ಲ. ಮುಂದೆ ಕ್ರೋಯರ್ ಡೆನ್ಮಾರ್ಕಿನ ತುದಿಯ ಸ್ಕಾಗೆನ್ ಎಂಬ ಮೀನುಗಾರರ ಊರಿನಲ್ಲಿ ನೆಲೆಸಿ ಬೇಸಿಗೆಯ ನೀಲಿ ಸಂಜೆಗಳಿಗೇ ಹೆಸರಾದ. ಆದರೆ ನನಗೆ ಅವನ ಆ ನೀಲಿ ಸಂಜೆಗಳಿಗಿಂತ ಈ ಕಾರ್ಖಾನೆಯ ಚಿತ್ರವೇ ಹೆಚ್ಚು ದೊಡ್ಡದು.

ಎರಡನೆಯವನು ಆಲ್ಫ್ರೆಡ್ ಗಿಯೂ, ಕಾಂಕಾರ್ನೋದಲ್ಲೇ ಹುಟ್ಟಿದವನು. ಪ್ಯಾರಿಸ್ಸಿನಲ್ಲಿ ಕಲಿತು ಊರಿಗೆ ಮರಳಿದ ಅವನ ಸುತ್ತ ಒಂದು ಕಲಾವಿದರ ಬಳಗವೇ ಬೆಳೆಯಿತು. ಸಿನ್ಯಾಕ್ ಬಂದುಹೋದ ಮರುವರ್ಷ, 1892ರಲ್ಲಿ, ಗಿಯೂ ‘ವಿದಾಯ’ ಎಂಬ ಚಿತ್ರ ಬರೆದ. ದೋಣಿ ಒಡೆದಿದೆ. ತೆರೆಗಳ ನಡುವೆ ಮುದುಕ ತಂದೆ ಮುಳುಗಿ ಸತ್ತ ಮಗನನ್ನು ಕಡಲಿಗೆ ಬಿಡುವ ಮುನ್ನ ಮುತ್ತಿಡುತ್ತಿದ್ದಾನೆ. ಈಗ ಅದು ಹತ್ತಿರದ ಕೆಂಪೇರ್ ನಗರದ ಕಲಾ ಸಂಗ್ರಹಾಲಯದಲ್ಲಿದೆ. ಪಾಠಶಾಲೆಯ ಹಳೆಯ ಶೈಲಿ, ನಾಟಕೀಯ ಭಂಗಿ ಎಂದು ಕಲಾ ಇತಿಹಾಸಕಾರರು ಬಹುಕಾಲ ಅದನ್ನು ಮೂಲೆಗೆ ಸರಿಸಿದ್ದರು. ಕಡಲಿಗೆ ಹೋದವರು ಮರಳದ ಮನೆಗಳಿರುವ ಊರಿನವರು ಅದರ ಮುಂದೆ ಹಾಗೆ ಮಾತನಾಡಲಾರರು.

ಹೀಗೆ ಒಂದೇ ಬಂದರಿನಿಂದ ಮೂರು ಚಿತ್ರಗಳು: ಹೆಂಗಸರ ದುಡಿಮೆ, ದೋಣಿಗಳ ಕಾಯುವಿಕೆ, ಗಂಡಸಿನ ಸಾವು. ಸಿನ್ಯಾಕನ ಚಿತ್ರದಲ್ಲಿ ಬಡತನವಿಲ್ಲ, ವಾಸನೆಯಿಲ್ಲ, ಕೂಲಿಯ ಜಗಳವಿಲ್ಲ. ಇದು ನಿಜವಾದ ಕೊರತೆ, ನಿಮ್ಮ ಕಣ್ಣು ಸರಿಯಾದುದನ್ನೇ ಹಿಡಿದಿದೆ. ಆದರೆ ಅವನು ಬಡವರ ಬಗ್ಗೆ ಉದಾಸೀನನಾಗಿದ್ದ ಎಂದು ಮಾತ್ರ ತೀರ್ಮಾನಿಸಬೇಡಿ. ಅವನು ಸರ್ಕಾರದ ಆಳ್ವಿಕೆಯೇ ಬೇಡವೆನ್ನುವ ಅರಾಜಕತಾವಾದಿ ಚಳವಳಿಯ ಜೊತೆಗಾರ. ಕಾಂಕಾರ್ನೋ ಚಿತ್ರಗಳಿಗೆ ಕೆಲವೇ ವಾರ ಮೊದಲು, 1891ರ ಜೂನ್‌ನಲ್ಲಿ, ಆ ಚಳವಳಿಯ ‘ಲಾ ರೆವೋಲ್ಟ್’ ಪತ್ರಿಕೆಯಲ್ಲಿ ಹೆಸರು ಹಾಕದ ಒಂದು ಲೇಖನ ಬಂತು. ಅದನ್ನು ಬರೆದವನು ಸಿನ್ಯಾಕನೇ ಎಂದು ವಿದ್ವಾಂಸರು ಒಪ್ಪುತ್ತಾರೆ. ಕಲಾವಿದ ಕಾರ್ಮಿಕನ ಗೋಳನ್ನು ಬರೆದರೆ ಮಾತ್ರ ಕ್ರಾಂತಿಕಾರಿಯಾಗುತ್ತಾನೆ ಎಂಬುದನ್ನು ಆ ಲೇಖನ ಒಪ್ಪುವುದಿಲ್ಲ. ಜನರ ಕಣ್ಣಿಗೆ ಹೊಸ ನೋಟವನ್ನು ಕೊಡುವುದೇ ಹಳೆಯ ವ್ಯವಸ್ಥೆಗೆ ಕೊಡುವ ಪೆಟ್ಟು ಎಂಬುದು ಅದರ ವಾದದ ತಿರುಳು. ಈ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸಾಮರಸ್ಯವನ್ನು ತೋರಿಸಿದರೆ ಸಾಮರಸ್ಯ ಬಂದೀತು ಎಂಬ ಭರವಸೆ ಕ್ರೋಯರನ ಕಾರ್ಖಾನೆಯ ಹೆಂಗಸರಿಗೆ ಏನನ್ನೂ ಕೊಡಲಿಲ್ಲ. ಅವರಂಥವರು 1924ರ ಚಳಿಗಾಲದಲ್ಲಿ ಪಕ್ಕದ ಡುವಾರ್ನನೇ ಬಂದರಿನಲ್ಲಿ ಮುಷ್ಕರ ಹೂಡಿ, ವಾರಗಟ್ಟಲೆ ಬೀದಿಯಲ್ಲಿ ನಿಂತು ಕೂಲಿ ಹೆಚ್ಚಿಸಿಕೊಂಡರು. ಆದರೂ ಆ ಲೇಖನ ಓದಿದ ಮೇಲೆ ದೋಣಿಗಳ ಸಾಲು ಬೇರೆಯಾಗಿ ಕಾಣುತ್ತದೆ. ಯಾವ ದೋಣಿಯೂ ಮುಂದಾಳಲ್ಲ, ಯಾವುದೂ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ, ಎಲ್ಲಕ್ಕೂ ಅದರದರ ನೀರಿದೆ. ಮುಖಗಳಿದ್ದಿದ್ದರೆ ನಾವು ಒಬ್ಬ ಮೀನುಗಾರನ ಕತೆಯನ್ನು ಹುಡುಕುತ್ತಿದ್ದೆವು. ಮುಖಗಳಿಲ್ಲದ್ದರಿಂದ ಒಂದು ಊರು ಒಟ್ಟಾಗಿ ಮಾಡುವ ಕೆಲಸ ಕಾಣುತ್ತದೆ. ಚಿತ್ರ ಗಳಿಸಿದ್ದು ಅದನ್ನು.

ಈಗ ನಿಮ್ಮ ಬೂದಿ ಬಣ್ಣಕ್ಕೆ ಬರೋಣ.

ಚುಕ್ಕಿ ಪದ್ಧತಿಯ ಬಗ್ಗೆ ಪಠ್ಯಪುಸ್ತಕಗಳಲ್ಲಿ ಬರುವ ಒಂದು ಮಾತು ಅನೇಕರನ್ನು ದಾರಿ ತಪ್ಪಿಸಿದೆ. ‘ಅಕ್ಕಪಕ್ಕ ಇಟ್ಟ ಶುದ್ಧ ಬಣ್ಣದ ಚುಕ್ಕಿಗಳು ದೂರದಿಂದ ಕಣ್ಣಿನಲ್ಲೇ ಬೆರೆತು ಇನ್ನಷ್ಟು ಹೊಳೆಯುತ್ತವೆ’ ಎನ್ನುತ್ತಾರೆ. ಬೆರೆಯುವುದು ನಿಜ. ಹೊಳೆಯುವುದು ಯಾವಾಗಲೂ ನಿಜವಲ್ಲ. ಚುಕ್ಕಿಗಳು ತೀರ ಚಿಕ್ಕದಾಗಿ ಪೂರ್ತಿ ಬೆರೆತುಹೋದರೆ ಕಣ್ಣಿಗೆ ಸಿಗುವುದು ಅವುಗಳ ಸರಾಸರಿ. ಕಿತ್ತಳೆಯೂ ನೀಲಿಯೂ ವರ್ಣಚಕ್ರದಲ್ಲಿ, ಅಂದರೆ ಬಣ್ಣಗಳನ್ನು ಸುತ್ತಲೂ ಜೋಡಿಸಿದ ವೃತ್ತದಲ್ಲಿ, ಎದುರುಬದುರಾಗಿ ಕೂರುವ ಬಣ್ಣಗಳು. ಅವುಗಳ ಸರಾಸರಿ ಬೂದಿಯೇ. ಮುಸ್ಸಂಜೆ ತುಂಬಿರುವುದು ಇದೇ ಜೋಡಿಯಿಂದ. ಆದ್ದರಿಂದ ಮಧ್ಯಾಹ್ನದ ಚಿತ್ರದಲ್ಲಿ ದಕ್ಕಿಬಿಡುವ ಪದ್ಧತಿ ಸಂಜೆಯಲ್ಲಿ ಕೈಕೊಡುತ್ತದೆ. ನೀವು ಆಕಾಶದ ಉದ್ದಗಲಕ್ಕೂ ಕಿತ್ತಳೆ, ನೀಲಿ ಚುಕ್ಕಿಗಳನ್ನು ಸಮಸಮವಾಗಿ ಚೆಲ್ಲಿರಬೇಕೆಂದು ನನ್ನ ಊಹೆ.

ಸಿನ್ಯಾಕ್ ಮಾಡಿದ್ದು ಬೇರೆ. 1899ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಅವನು ಇದನ್ನು ಮತ್ತೆ ಮತ್ತೆ ಹೇಳುತ್ತಾನೆ: ಚುಕ್ಕಿ ಮುಖ್ಯವಲ್ಲ, ಬಣ್ಣವನ್ನು ಬಿಡಿಸಿ ಇಡುವುದು ಮುಖ್ಯ. ಬಣ್ಣ ಬಿಡಿಸುವುದೆಂದರೆ ಒಂದು ವಸ್ತುವಿನ ಸ್ವಂತ ಬಣ್ಣ, ಅದರ ಮೇಲೆ ಬಿದ್ದ ಬೆಳಕಿನ ಬಣ್ಣ, ನೆರೆಯಿಂದ ಬಂದ ಪ್ರತಿಫಲನ, ಎದುರು ಬಣ್ಣದಿಂದ ಹುಟ್ಟುವ ವೈದೃಶ್ಯ, ಇವನ್ನು ಬೇರೆ ಬೇರೆ ಗುರುತಿಸಿ ಬೇಕಾದ ಪ್ರಮಾಣದಲ್ಲಿ ಇಡುವುದು. ‘ಬೇಕಾದ ಪ್ರಮಾಣ’ ಎಂಬಲ್ಲಿ ಎಲ್ಲವೂ ಅಡಗಿದೆ. ದಿಗಂತದ ಹತ್ತಿರದ ಆಕಾಶದಲ್ಲಿ ಹಳದಿ, ಕಿತ್ತಳೆ, ಗುಲಾಬಿಯೇ ಆಳುತ್ತವೆ. ಇವು ವರ್ಣಚಕ್ರದಲ್ಲಿ ನೆರೆಹೊರೆಯವು, ಬೆರೆತರೂ ಕೆಡುವುದಿಲ್ಲ. ಪ್ಯಾಲೆಟ್ ಮೇಲೆ ನೆರೆಯ ಬಣ್ಣಗಳನ್ನು ಕಲಸುವುದಕ್ಕೆ ಸಿನ್ಯಾಕ್ ತಾನೇ ಒಪ್ಪಿಗೆ ಕೊಟ್ಟಿದ್ದಾನೆ, ಬಿಳಿ ಬೆರೆಸುವುದಕ್ಕೂ. ಎದುರು ಬಣ್ಣಗಳನ್ನು ಕಲಸುವುದಕ್ಕೆ ಮಾತ್ರ ಇಲ್ಲ. ಮಣ್ಣಿನ ಬಣ್ಣಗಳಾದ ಓಕರ್, ಅಂಬರ್, ಸಿಯೆನ್ನಾ ಅವನ ಪ್ಯಾಲೆಟ್ಟಿನಲ್ಲಿ ಇರಲೇ ಇಲ್ಲ.

ಎದುರು ಬಣ್ಣವನ್ನು ಅವನು ಉಳಿಸಿಕೊಳ್ಳುವುದು ಅಂಚಿಗೆ. ದೋಣಿಯ ಕಡುನೀಲಿ-ನೇರಳೆ ಮೈ ಹಳದಿ ಬೆಳಕನ್ನು ಮುಟ್ಟುವ ಕಡೆ ಏನಾಗಿದೆ ನೋಡಿ. ಬೆಳಕು ಅಲ್ಲಿ ಇನ್ನಷ್ಟು ತಿಳಿಯಾಗುತ್ತದೆ, ದೋಣಿ ಇನ್ನಷ್ಟು ಗಾಢವಾಗುತ್ತದೆ. ನಮ್ಮ ಕಣ್ಣು ಅಂಚುಗಳಲ್ಲಿ ಸ್ವಭಾವತಃ ಮಾಡುವ ಕೆಲಸ ಇದು. ಪ್ಯಾರಿಸ್ಸಿನ ಗೋಬ್ಲೆನ್ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನ ವಿಜ್ಞಾನಿ ಶೆವ್ರಲ್, ಕಪ್ಪು ದಾರ ಮಂಕಾಗಿದೆ ಎಂಬ ದೂರನ್ನು ಬೆನ್ನುಹತ್ತಿ, ದೋಷ ಬಣ್ಣದ್ದಲ್ಲ, ಪಕ್ಕದ ದಾರದ್ದು ಎಂದು ಕಂಡುಕೊಂಡ. 1839ರಲ್ಲಿ ಅದನ್ನು ಪುಸ್ತಕವಾಗಿಸಿದ. ಸ್ಯೂರಾ, ಸಿನ್ಯಾಕ್ ಇಬ್ಬರೂ ಅದನ್ನು ಅರೆದು ಕುಡಿದಿದ್ದರು. ಹೊಳಪು ಹುಟ್ಟುವುದು ಇಲ್ಲಿ, ಎರಡು ಬಣ್ಣದ ಪ್ರದೇಶಗಳು ಎದುರಾಗಿ ನಿಲ್ಲುವ ಗಡಿಯಲ್ಲಿ. ಚುಕ್ಕಿಗಳು ಕರಗಿ ಒಂದಾಗುವ ಕಡೆಯಲ್ಲಲ್ಲ. ದೋಣಿಗಳು ಅಷ್ಟು ಸರಳ ಆಕಾರದಲ್ಲಿ, ಅಷ್ಟು ಮುಖರಹಿತವಾಗಿ ಇರುವುದಕ್ಕೆ ಇದೂ ಕಾರಣ. ಅಂಚು ಚೊಕ್ಕಟವಾಗಿದ್ದಷ್ಟೂ ಬೆಳಕು ಹೆಚ್ಚು ಕೆಲಸ ಮಾಡುತ್ತದೆ.

ನಿಮ್ಮ ಕೈಯಲ್ಲಿರುವ ಪ್ರತಿಯ ಬಗ್ಗೆಯೂ ಎಚ್ಚರ ಬೇಕು. ಮೂಲ ಚಿತ್ರ ಸುಮಾರು 65 ಸೆಂಟಿಮೀಟರ್ ಎತ್ತರ, 81 ಸೆಂಟಿಮೀಟರ್ ಅಗಲ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅದನ್ನು ಅಂಗೈ ಅಗಲಕ್ಕೆ ಕುಗ್ಗಿಸಿ ಮುದ್ರಿಸಿದಾಗ, ಅಥವಾ ಮೊಬೈಲ್ ಪರದೆಯ ಮೇಲೆ ನೋಡಿದಾಗ, ಕುಂಚದ ಒಂದೊಂದು ಗುರುತೂ ಅಚ್ಚಿನ ಅಥವಾ ಪರದೆಯ ಚುಕ್ಕಿಗಿಂತ ಚಿಕ್ಕದಾಗಿಬಿಡುತ್ತದೆ. ಆಗ ಯಂತ್ರವೇ ಸರಾಸರಿ ಮಾಡಿ ಕೊಡುತ್ತದೆ. ನೀವು ಕಲಿಯುತ್ತಿರುವುದು ಸಿನ್ಯಾಕನ ಚಿತ್ರದಿಂದಲ್ಲ, ಆ ಸರಾಸರಿಯಿಂದ. ಸಂಗ್ರಹಾಲಯದ ಜಾಲತಾಣದಲ್ಲಿ ಚಿತ್ರವನ್ನು ದೊಡ್ಡದು ಮಾಡಿ, ಒಂದು ದೋಣಿ ಮತ್ತು ಅದರ ಸುತ್ತಲಿನ ನೀರನ್ನಷ್ಟೇ ಪರದೆಯ ತುಂಬ ಇಟ್ಟುಕೊಂಡು ನೋಡಿ. ಇದೇ ಸರಣಿಯ ಸಂಜೆಯ ಇನ್ನೊಂದು ಚಿತ್ರ, ಓಪಸ್ 220, ಅದೇ ನಗರದ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಲಾಭಕರ.

ನೀರನ್ನು ಬರೆಯುವಾಗ ಹೆಚ್ಚಿನವರು ಎಡವುವ ಒಂದು ಜಾಗವಿದೆ. ಆಕಾಶದ ಬಣ್ಣವನ್ನು ತಲೆಕೆಳಗು ಮಾಡಿ ನೀರಿಗೆ ಹಚ್ಚಿಬಿಡುತ್ತಾರೆ. ಕೆರೆಯ ನಿಶ್ಚಲ ನೀರಿಗೆ ಅದು ಸರಿ, ಕಡಲಿಗಲ್ಲ. ದೂರದ ನೀರಿನಲ್ಲಿ ನಮಗೆ ಕಾಣುವುದು ತೆರೆಗಳ ನಮ್ಮ ಕಡೆಗೆ ವಾಲಿದ ಮೈ. ಅದು ದಿಗಂತದ ಪಕ್ಕದ ಕಿತ್ತಳೆಯನ್ನಲ್ಲ, ಅದಕ್ಕಿಂತ ಮೇಲಿನ ಆಕಾಶವನ್ನು ಪ್ರತಿಫಲಿಸುತ್ತದೆ. ಹಾಗಾಗಿ ದಿಗಂತದ ಗೆರೆಯಲ್ಲಿ ಕಡಲು ಆಕಾಶಕ್ಕಿಂತ ಗಾಢವಾಗಿ, ತಂಪಾಗಿ ಕಾಣುವುದೇ ಹೆಚ್ಚು. ಕಾಲಬುಡದ ನೀರನ್ನು ಮೇಲಿನಿಂದ ನೋಡುವುದರಿಂದ ಅಲ್ಲಿ ಪ್ರತಿಫಲನ ಕಡಿಮೆ, ನೀರಿನ ಸ್ವಂತ ಬಣ್ಣ ಹೆಚ್ಚು. ಮಲ್ಪೆಯಲ್ಲಿ ಹೊಳೆ ಕಡಲನ್ನು ಸೇರುವ ಕಡೆ ಆ ಸ್ವಂತ ಬಣ್ಣ ಮಣ್ಣಿನ ಹಸಿರು. ಸಿನ್ಯಾಕನ ನೀಲಿ ಅಲ್ಲಿ ಸುಳ್ಳಾಗುತ್ತದೆ. ಅವನ ಪದ್ಧತಿ ತೆಗೆದುಕೊಳ್ಳಿ, ಅವನ ಬಣ್ಣಗಳನ್ನು ಬಿಟ್ಟುಬಿಡಿ.

ಕತ್ತಲಾಗುತ್ತ ಬಂದಂತೆ ಕಣ್ಣೂ ಬದಲಾಗುತ್ತದೆ. ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಹೆಚ್ಚು ಹೊತ್ತು ಉಳಿಯುತ್ತದೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲೇ ಇದನ್ನು ಗುರುತಿಸಿದ್ದ. ಸೂರ್ಯ ಮುಳುಗಿ ಕತ್ತಲು ಕವಿಯುತ್ತಿದ್ದಂತೆ ಕೆಂಪು ಬಣ್ಣ ಬಳಿದ ಬೋಟಿನ ಮೈ ಕಂದಿ, ಪಕ್ಕದ ನೀಲಿ ಡ್ರಮ್ಮು, ನೀಲಿ ಟಾರ್ಪಾಲು ಎದ್ದು ಕಾಣುವುದನ್ನು ದಕ್ಕೆಯಲ್ಲಿ ನೀವೇ ಪರೀಕ್ಷಿಸಬಹುದು. ಫೋಟೊ ತೆಗೆದು ಮನೆಯಲ್ಲಿ ಬರೆದರೆ ಇದು ಸಿಗುವುದಿಲ್ಲ, ಏಕೆಂದರೆ ಕ್ಯಾಮೆರಾ ಕತ್ತಲನ್ನು ತನ್ನ ಲೆಕ್ಕದಲ್ಲಿ ತಿದ್ದಿಬಿಡುತ್ತದೆ.

ಸಮಯದ ವಿಚಾರವೂ ಇದೆ. ಕಾಂಕಾರ್ನೋ ಇರುವುದು 48 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಅಲ್ಲಿ ಬೇಸಿಗೆಯ ಸೂರ್ಯ ಓರೆಯಾಗಿ ಜಾರುತ್ತಾನೆ, ಮುಳುಗಿದ ಮೇಲೂ 35ರಿಂದ 40 ನಿಮಿಷ ಒಳ್ಳೆಯ ಬೆಳಕಿರುತ್ತದೆ. ನಮ್ಮ 13ನೆಯ ಡಿಗ್ರಿಯಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಬೀಳುತ್ತಾನೆ, 22–24 ನಿಮಿಷದಲ್ಲಿ ಆಟ ಮುಗಿಯಿತು. ಅಷ್ಟರೊಳಗೆ ಒಂದೊಂದೇ ಚುಕ್ಕಿ ಇಡುತ್ತ ಕೂತರೆ ಬೆಳಕಿನ ಹಿಂದೆ ಓಡಿ ದಣಿಯುತ್ತೀರಿ. ಅಷ್ಟು ದೀರ್ಘ ಬೆಳಕಿದ್ದೂ ಸಿನ್ಯಾಕ್ ಈ ದೊಡ್ಡ ಕ್ಯಾನ್ವಾಸುಗಳನ್ನು ಕಡಲದಡದಲ್ಲಿ ಮುಗಿಸಲಿಲ್ಲ. ಸ್ಥಳದಲ್ಲಿ ಚಿಕ್ಕ ಟಿಪ್ಪಣಿ ಚಿತ್ರಗಳು, ಉಳಿದ ಕೆಲಸವೆಲ್ಲ ಕೋಣೆಯೊಳಗೆ. ನೀವೂ ದಕ್ಕೆಯಲ್ಲಿ ಐದಾರು ಬಣ್ಣದ ಪಟ್ಟಿಗಳನ್ನಷ್ಟೇ ಬರೆದುಕೊಳ್ಳಿ: ದಿಗಂತದ ಆಕಾಶ, ನಡು ಆಕಾಶ, ನೆತ್ತಿ, ದೂರದ ನೀರು, ಹತ್ತಿರದ ನೀರು, ಬೋಟಿನ ನೆರಳು. ಪಕ್ಕದಲ್ಲಿ ಯಾವುದು ಯಾವುದಕ್ಕಿಂತ ಗಾಢ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಮನೆಯಲ್ಲಿ ಚಿತ್ರ ಕಟ್ಟುವಾಗ ಬಣ್ಣಕ್ಕಿಂತ ಆ ಗುರುತುಗಳೇ ಹೆಚ್ಚು ಉಪಕಾರಕ್ಕೆ ಬರುತ್ತವೆ.

ಅಕ್ರಿಲಿಕ್ ಬಣ್ಣ ಒಣಗಿದಾಗ ಹಸಿಯಾಗಿದ್ದಾಗಿನದಕ್ಕಿಂತ ತುಸು ಗಾಢವಾಗುತ್ತದೆ. ಸಂಜೆಯ ಚಿತ್ರ ಮಂಕಾಗಲು ಇಷ್ಟೇ ಸಾಕು. ಆಕಾಶದ ತಿಳಿ ಬಣ್ಣಗಳನ್ನು ಬೇಕೆನಿಸಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿಯೇ ಕಲಸಿಕೊಳ್ಳಿ. ಕ್ಯಾನ್ವಾಸಿನ ಮೇಲೆ ಶುದ್ಧ ಬಿಳಿ ತಳಬಣ್ಣ ಇರಲಿ, ಗುರುತುಗಳ ನಡುವೆ ಅದು ಅಲ್ಲಲ್ಲಿ ಇಣುಕಿದರೆ ಒಳ್ಳೆಯದೇ. ಚುಕ್ಕಿಯ ಗಾತ್ರವನ್ನು ಚಿತ್ರದ ಗಾತ್ರಕ್ಕೆ ಹೊಂದಿಸಿ, ಎದುರಿನ ಗೋಡೆಗೆ ಒರಗಿ ನೋಡಿದಾಗಲೂ ಗುರುತುಗಳು ಪೂರ್ತಿ ಕರಗಬಾರದು, ತುಸು ಮಿಡಿಯುತ್ತಿರಬೇಕು. ಕರಗಿಹೋದರೆ ಕುಂಚ ದಪ್ಪ ಮಾಡಿ. ಹಳದಿಗೆ ಒಳ್ಳೆಯ ಕ್ಯಾಡ್ಮಿಯಂ ಕೊಳ್ಳಿ. ಬಾಳಿಕೆ ಬಾರದ ಹಳದಿಯ ಗತಿ ಏನಾಗುತ್ತದೆ ಎಂಬುದಕ್ಕೆ ಸ್ಯೂರಾನ ಅತಿ ದೊಡ್ಡ ಕೃತಿಯೇ ಸಾಕ್ಷಿ: ‘ಗ್ರಾಂಡ್ ಜಾಟ್ ದ್ವೀಪದ ಭಾನುವಾರ’ ಚಿತ್ರದಲ್ಲಿ ಬಳಸಿದ ಸತುವಿನ ಹಳದಿ ಕೆಲವೇ ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗಿತು. 1892ರಲ್ಲೇ ಫೆನೆಯೋನ್ ಆ ಚಿತ್ರದ ಬೆಳಕು ಹೋಯಿತೆಂದು ಮರುಗಿ ಬರೆದ.

ನಿಮ್ಮ ಚಿತ್ರದಲ್ಲಿ ಮನುಷ್ಯರಿರಬೇಕೋ ಬೇಡವೋ ಎಂಬುದನ್ನು ನಾನು ಹೇಳಲಾರೆ. ಆದರೆ ಇಷ್ಟು ಹೇಳಬಲ್ಲೆ: ಚುಕ್ಕಿ ಪದ್ಧತಿಯಲ್ಲಿ ಚಿಕ್ಕ ಮುಖಗಳನ್ನು ಬರೆಯಲು ಹೋದರೆ ಮುಖವೂ ಕೆಡುತ್ತದೆ, ಬೆಳಕೂ ಕೆಡುತ್ತದೆ. ಮನುಷ್ಯರು ಬೇಕಿದ್ದರೆ ಅವರನ್ನು ದೊಡ್ಡದಾಗಿ, ಮುಂದೆ ತನ್ನಿ. ಬುಟ್ಟಿ ಹೊತ್ತ ಹೆಂಗಸರನ್ನೇ ತನ್ನಿ, ಬೋಟುಗಳು ಹಿಂದೆ ಸರಿಯಲಿ. ಇಲ್ಲವಾದರೆ ಬೋಟುಗಳ ಸಾಲನ್ನೇ ನಂಬಿ, ಆದರೆ ಅವು ಏಕೆ ಹಾಗೆ ನಿಂತಿವೆ ಎಂಬುದು ನಿಮಗೆ ಗೊತ್ತಿರಲಿ. ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟು ದಕ್ಕೆಗೆ ಕಟ್ಟಿಕೊಳ್ಳುವ ರೀತಿ ಬೇರೆ, ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನ ರೀತಿ ಬೇರೆ, ಮಳೆಗಾಲದ ನಿಷೇಧದಲ್ಲಿ ಒತ್ತೊತ್ತಾಗಿ ನಿಂತ ಬೋಟುಗಳ ರೀತಿ ಇನ್ನೂ ಬೇರೆ. ಅಂತರಗಳನ್ನು ಅಲ್ಲಿಂದ ತೆಗೆದುಕೊಳ್ಳಿ, ಕಾಂಕಾರ್ನೋದಿಂದಲ್ಲ.